ಗುಳಿಗಿ, ಪೆಗ್ಗು, ಕಿಟಕಿ ಸೀಟು: ವಿಮಾನದ ನಿದ್ದೆ ಕುರಿತ ಧಾರವಾಡದ ನಂಬಿಕೆಗಳು

ಧಾರವಾಡದ ಮಾಳಮಡ್ಡಿ, ಸಪ್ತಾಪುರ, ಕಲ್ಯಾಣನಗರದ ಯಾವ ಓಣಿ ಹಿಡಿದು ನಡೆದರೂ ಮಕ್ಕಳು ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಇರುವ ಮನೆಗಳು ಸಿಗುತ್ತವೆ. ಬೇಸಿಗೆ ಬಂತೆಂದರೆ ಅಂಥ ಎಷ್ಟೋ ಮನೆಗಳ ಗೇಟಿಗೆ ಬೀಗ. ಅವ್ವ-ಅಪ್ಪ ಆರು ತಿಂಗಳಿಗೆಂದು ಹೊರಟಿರುತ್ತಾರೆ. ಹೊರಡುವ ಮುಂಚಿನ ತಿಂಗಳೆಲ್ಲ ಕರ್ನಾಟಕ ಕಾಲೇಜಿನ (ಕೆಸಿಡಿ) ಮೈದಾನದ ಬೆಳಗಿನ ವಾಕಿಂಗಿನಲ್ಲಿ ಸಲಹೆಗಳ ಸುರಿಮಳೆ. ವೀಸಾ ಆಯಿತು, ವಿಮೆ ಆಯಿತು, ಶೇಂಗಾ ಚಟ್ನಿ ಎಷ್ಟು ಕಿಲೋ ಒಯ್ಯಬಹುದು ಎಂಬುದೂ ಆಯಿತು. ಕಡೆಗೆ ಮಾತು ಬಂದು ನಿಲ್ಲುವುದು ನಿದ್ದೆಯ ಹತ್ತಿರ. ಹೋಗಿಬಂದವರೆಲ್ಲ ಈ ವಿಷಯದಲ್ಲಿ ಪಂಡಿತರು.

ಪ್ರಯಾಣವೇನೋ ಸಣ್ಣದಲ್ಲ. ಹುಬ್ಬಳ್ಳಿಯಿಂದ ಅಮೆರಿಕಕ್ಕೆ ನೇರ ವಿಮಾನವಿಲ್ಲ. ಮೊದಲು ಬೆಂಗಳೂರೋ ಮುಂಬಯಿಯೋ ಮುಟ್ಟಬೇಕು, ಅಲ್ಲಿಂದ ಹಲವರು ದುಬೈಯಲ್ಲೋ ಫ್ರಾಂಕ್‌ಫರ್ಟ್‌ನಲ್ಲೋ ಇಳಿದು ಮತ್ತೆ ಹತ್ತುತ್ತಾರೆ. ಮನೆಯ ಬಾಗಿಲಿನಿಂದ ಮಗಳ ಮನೆ ಬಾಗಿಲಿಗೆ ಮೂವತ್ತು ತಾಸು ಹಿಡಿಯುವುದುಂಟು. 2021ರ ಜನವರಿಯಲ್ಲಿ ಏರ್ ಇಂಡಿಯಾ ಬೆಂಗಳೂರು-ಸ್ಯಾನ್ ಫ್ರಾನ್ಸಿಸ್ಕೊ ನೇರ ವಿಮಾನ ಶುರು ಮಾಡಿದಾಗ ಅದೊಂದೇ ಹಾರಾಟ ಸುಮಾರು 14,000 ಕಿ.ಮೀ. ದೂರದ್ದು, ಹದಿನಾರು-ಹದಿನೇಳು ತಾಸಿನದು. ಇಷ್ಟು ಹೊತ್ತು ಕಣ್ಣು ಬಿಟ್ಟುಕೊಂಡು ಕೂರುವುದು ಹೇಗೆ ಎಂಬ ಭಯ ಸಹಜ. ಆದರೆ ವಿಮಾನದಲ್ಲಿ ನಿದ್ದೆ ಬಾರದೆ ಹಾಳಾಗುವುದಕ್ಕಿಂತ, ಹೇಗಾದರೂ ನಿದ್ದೆ ಬರಿಸಿಕೊಳ್ಳಲು ಹೋಗಿ ಹಾಳಾಗುವುದೇ ಹೆಚ್ಚು ಎಂದು ನನ್ನ ಲೆಕ್ಕ. ಮೈದಾನದಲ್ಲಿ ಕೇಳಿಬರುವ ಮಾತುಗಳನ್ನು ಒಂದೊಂದಾಗಿ ನೋಡೋಣ.

"ಬಸ್ಸಿನ್ಯಾಗ ಗಡದ್ದ ನಿದ್ದಿ ಹತ್ತತದ, ವಿಮಾನದಾಗ ಯಾಕ ಹತ್ತಂಗಿಲ್ಲ?"

ಬಸ್ಸಿನಲ್ಲಿ ನೀವು ಮಲಗಿರುತ್ತೀರಿ, ಅದಕ್ಕೆ. ಹುಬ್ಬಳ್ಳಿಯ ವಿಆರ್‌ಎಲ್ ಮತ್ತು ಅದರ ಹಿಂದೆ ಬಂದ ಸ್ಲೀಪರ್ ಬಸ್ಸುಗಳು ನಮ್ಮ ಭಾಗದವರಿಗೆ ಕಾಲು ಚಾಚಿಕೊಂಡು ಊರು ಮುಟ್ಟುವ ರೂಢಿ ಹಿಡಿಸಿಬಿಟ್ಟಿವೆ. ವಿಮಾನದ ಎಕಾನಮಿ ಸೀಟು ಹಿಂದಕ್ಕೆ ವಾಲುವುದು ನಾಲ್ಕು ಬೆರಳಿನಷ್ಟು. ಕೂತ ಭಂಗಿಯಲ್ಲಿ ನಿದ್ದೆ ಗಾಢವಾಗತೊಡಗಿದ ಕೂಡಲೇ ಕುತ್ತಿಗೆಯ ಸ್ನಾಯು ಸಡಿಲಾಗುತ್ತದೆ, ತಲೆ ಎದೆಗೆ ಬೀಳುತ್ತದೆ, ಎಚ್ಚರವಾಗುತ್ತದೆ. ಬ್ರಿಟನ್ನಿನ ಸಂಶೋಧಕರು 1987ರಲ್ಲಿ ಇದನ್ನು ಅಳೆದು ನೋಡಿದ್ದರು. ಬೆನ್ನು ನೆಟ್ಟಗಿನಿಂದ ಸುಮಾರು 40 ಡಿಗ್ರಿ ಹಿಂದಕ್ಕೆ ವಾಲಿದರೆ ಕುರ್ಚಿಯ ನಿದ್ದೆಯೂ ಹಾಸಿಗೆಯ ನಿದ್ದೆಯ ಹತ್ತಿರ ಬರುತ್ತದೆ. ಎಕಾನಮಿಯಲ್ಲಿ ಆ 40 ಡಿಗ್ರಿ ಸಿಗುವುದಿಲ್ಲ. ದೂರ ಹಾರುವ ದೊಡ್ಡ ವಿಮಾನಗಳಲ್ಲಿ ಪೈಲಟ್‌ಗಳಿಗೂ ಪರಿಚಾರಕರಿಗೂ ಪ್ರಯಾಣಿಕರ ಕಣ್ಣಿಗೆ ಬೀಳದಂತೆ ಮಲಗುವ ಗೂಡುಗಳನ್ನು ಮಾಡಿರುತ್ತಾರೆ. ಸರದಿ ಬಂದಾಗ ಅವರು ಅಲ್ಲಿ ಹೋಗಿ ಉದ್ದಕ್ಕೆ ಮಲಗುತ್ತಾರೆ. ಕೂತು ನಿದ್ದೆ ಮಾಡಿ ಎಂದು ವಿಮಾನ ಕಂಪನಿಯೂ ತನ್ನವರಿಗೆ ಹೇಳುವುದಿಲ್ಲ.

ಸೀಟಿನದು ಅರ್ಧ ಕಥೆ. ಉಳಿದರ್ಧ ಗಾಳಿಯದು. ವಿಮಾನ ಹತ್ತು ಕಿ.ಮೀ. ಎತ್ತರದಲ್ಲಿ ಹಾರುವಾಗ ಒಳಗಿನ ಗಾಳಿಯ ಒತ್ತಡವನ್ನು ನೆಲದ ಮಟ್ಟಕ್ಕೆ ಇಟ್ಟಿರುವುದಿಲ್ಲ. ನಿಯಮದ ಪ್ರಕಾರ ಅದು 2,438 ಮೀಟರ್ ಎತ್ತರದ ಬೆಟ್ಟದ ಮೇಲಿನ ಗಾಳಿಗೆ ಸಮನಾಗುವವರೆಗೂ ಇಳಿಯಬಹುದು. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯೇ 1,930 ಮೀಟರ್. ಧಾರವಾಡ ಇರುವುದು 750 ಮೀಟರಿನ ಆಸುಪಾಸು. ಬೋಯಿಂಗ್ 787, ಏರ್‌ಬಸ್ 350 ಮಾದರಿಯ ಹೊಸ ವಿಮಾನಗಳಲ್ಲಿ ಈ ಮಿತಿಯನ್ನು 1,800 ಮೀಟರಿಗೆ ಇಳಿಸಿದ್ದಾರೆ, ಅಂದರೆ ಮುಳ್ಳಯ್ಯನಗಿರಿಗಿಂತ ಸ್ವಲ್ಪ ಕೆಳಗೆ. ಟಿಕೆಟ್ ತೆಗೆಯುವಾಗ ದರ ಒಂದೇ ಆಗಿದ್ದರೆ ವಿಮಾನದ ಮಾದರಿ ನೋಡಿ ಆರಿಸುವುದು ಬುದ್ಧಿವಂತಿಕೆ. ಒತ್ತಡ ಇಳಿದಂತೆ ರಕ್ತದಲ್ಲಿ ಆಮ್ಲಜನಕ ಕಡಿಮೆಯಾಗುತ್ತದೆ, ಆಗ ನಿದ್ದೆ ತೆಳ್ಳಗಾಗುತ್ತದೆ. ಸಾಲದ್ದಕ್ಕೆ ಗಾಳಿಯ ತೇವ ಶೇ. 20ಕ್ಕಿಂತ ಕೆಳಗೆ, ಎಂಜಿನ್ನಿನ ಮೊರೆತ ಬೇರೆ. ಇಷ್ಟರ ನಡುವೆ ಎಂಟು ತಾಸು ಗಡದ್ದ ನಿದ್ದೆ ಬರಲಿಲ್ಲವೆಂದು ಯಾರೂ ತಮ್ಮನ್ನು ಬೈದುಕೊಳ್ಳಬೇಕಾಗಿಲ್ಲ.

"ಒಂದ ಗುಳಿಗಿ ನುಂಗಿದ್ರ ಸೀದಾ ಅಮೆರಿಕಾದಾಗ ಕಣ್ಣ ತಗೀತೀರಿ"

ಎಲ್ಲ ಸಲಹೆಗಳಲ್ಲಿ ಅಪಾಯದ್ದು ಇದೇ, ಅತಿ ಹೆಚ್ಚು ಪಾಲಿಸುವುದೂ ಇದನ್ನೇ. ಪಕ್ಕದ ಮನೆಯವರ ಹತ್ತಿರ ಎರಡು ಉಳಿದಿದ್ದವು, ಬೀಗರು ಹೋದ ವರ್ಷ ತೊಗೊಂಡಿದ್ದರು ಎಂದು ಕೈಯಿಂದ ಕೈಗೆ ದಾಟುವ ಮಾತ್ರೆಗಳು ಬಹುಮಟ್ಟಿಗೆ ಆಲ್‌ಪ್ರಜೋಲಾಮ್ ಇಲ್ಲವೆ ಜೋಲ್ಪಿಡೆಮ್. ಎರಡೂ ನಮ್ಮ ದೇಶದಲ್ಲಿ ಎಚ್-1 ಪಟ್ಟಿಯ ಔಷಧಗಳು. ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ, ಮಾರಿದ್ದನ್ನು ಅಂಗಡಿಯವರು ಬೇರೆ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ಇಷ್ಟು ಬಿಗಿ ಸುಮ್ಮನೆ ಮಾಡಿದ್ದಲ್ಲ.

ಅರವತ್ತು ದಾಟಿದ ಮೈಯಲ್ಲಿ ಈ ಮಾತ್ರೆಗಳು ಬೇಗ ಇಳಿಯುವುದಿಲ್ಲ. ನುಂಗಿದ ನಾಲ್ಕು ತಾಸಿಗೆ ಲಘುಶಂಕೆಗೆ ಎಚ್ಚರವಾಗುತ್ತದೆ. ಕತ್ತಲು, ಅಲ್ಲಾಡುವ ನೆಲ, ಇಕ್ಕಟ್ಟಿನ ದಾರಿ, ಅರ್ಧ ಮಂಪರು. ಸೊಂಟದ ಎಲುಬು ಮುರಿಯಲು ಇದಕ್ಕಿಂತ ಒಳ್ಳೆಯ ಏರ್ಪಾಟು ಬೇಕಿಲ್ಲ. ಬೀಳದಿದ್ದರೂ, ಫ್ರಾಂಕ್‌ಫರ್ಟ್‌ನಲ್ಲಿ ಗೇಟು ಬದಲಾದದ್ದು ತಲೆಗೆ ಹೋಗಬೇಕು. ಎಷ್ಟು ದಿನ ಇರುತ್ತೀರಿ ಎಂದು ಇಮಿಗ್ರೇಷನ್ ಅಧಿಕಾರಿ ಕೇಳಿದಾಗ ಸರಿಯಾದ ಉತ್ತರ ಬಾಯಿಗೆ ಬರಬೇಕು. 1987ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಯಾಣಿಕರ ಮರೆವಿನ ವರದಿಯೊಂದು ಬಂದಿತ್ತು. ಟ್ರೈಜೋಲಾಮ್ ಎಂಬ ನಿದ್ರೆ ಮಾತ್ರೆ ನುಂಗಿ ವಿಮಾನ ಹತ್ತಿದವರು ಇಳಿದ ಮೇಲೆ ಎದ್ದು ಓಡಾಡಿದ್ದಾರೆ, ಮಾತಾಡಿದ್ದಾರೆ, ಆ ತಾಸುಗಳ ನೆನಪು ಮಾತ್ರ ಅವರಿಗೆ ಇಲ್ಲವೇ ಇಲ್ಲ. ಜೋಲ್ಪಿಡೆಮ್ ನುಂಗಿದ ಕೆಲವರು ನಿದ್ದೆಯಲ್ಲೇ ಎದ್ದು ನಡೆಯುತ್ತಾರೆಂದು ಅಮೆರಿಕದ ಔಷಧ ಇಲಾಖೆ 2019ರಲ್ಲಿ ಅದರ ಮಾಹಿತಿಪತ್ರದಲ್ಲಿ ಅತ್ಯಂತ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿತು.

ಇನ್ನೊಂದು ತೊಂದರೆ ಕಾಲಿನದು. ನಾಲ್ಕು ತಾಸು ಮೀರಿದ ಪ್ರಯಾಣದ ನಂತರ ಕಾಲಿನ ಒಳರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಇಮ್ಮಡಿಯಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ 2007ರ ವರದಿ ಹೇಳುತ್ತದೆ. ಆರೋಗ್ಯವಂತರಲ್ಲಿ ಅದು ಆರು ಸಾವಿರಕ್ಕೆ ಒಬ್ಬರಿಗೆ ಆಗುವಂಥದ್ದು, ಹೆದರಿ ಟಿಕೆಟ್ ರದ್ದು ಮಾಡುವಷ್ಟಲ್ಲ. ಆದರೆ ಮಾತ್ರೆ ನುಂಗಿದವರು ಕಾಲು ಮಡಚಿಕೊಂಡು ಅಲ್ಲಾಡದೆ ಬಿದ್ದಿರುತ್ತಾರೆ. ಸಹಜ ನಿದ್ದೆಯಲ್ಲಿ ಮೈ ತಾನಾಗಿ ಮಗ್ಗುಲು ಬದಲಿಸುತ್ತಿರುತ್ತದೆ. ಎಚ್ಚರವಿದ್ದಾಗ ಹೊಲಿಗೆ ಮಷೀನು ತುಳಿದಂತೆ ಪಾದ ಆಡಿಸುತ್ತಿದ್ದರೆ ಮೀನಖಂಡದ ರಕ್ತ ಮೇಲೇರುತ್ತದೆ. ವೈದ್ಯರು ಹೇಳಿದ್ದರೆ ಮೊಣಕಾಲಿನವರೆಗಿನ ಬಿಗಿ ಕಾಲುಚೀಲವೂ ಉಪಯೋಗಕ್ಕೆ ಬರುತ್ತದೆ.

ನಿದ್ರೆ ಮಾತ್ರೆ ಬೇಡ, ಶೀತದ್ದೋ ವಾಂತಿಯದ್ದೋ ಒಂದು ತೊಗೊಂಡರೆ ಹೇಗೂ ಜೋಂಪು ಹತ್ತುತ್ತದಲ್ಲ ಎನ್ನುವವರಿದ್ದಾರೆ. ಆ ಜೋಂಪು ತರಿಸುವ ಹಳೆಯ ಮಾತ್ರೆಗಳು ವಯಸ್ಸಾದವರಲ್ಲಿ ಗಲಿಬಿಲಿ ಹುಟ್ಟಿಸುತ್ತವೆ, ಬಾಯಿ ಒಣಗಿಸುತ್ತವೆ, ಪ್ರಾಸ್ಟೇಟ್ ತೊಂದರೆಯ ಗಂಡಸರಿಗೆ ಮೂತ್ರ ಕಟ್ಟಿಸುತ್ತವೆ. ನಿಜವಾಗಿಯೂ ನಿದ್ದೆಯ ಕಾಯಿಲೆ ಇರುವವರಿಗೆ ಊರಲ್ಲೇ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ ಡಿಮ್ಹಾನ್ಸ್ ಇದೆ, ಹೋಗಿ ತೋರಿಸಿಕೊಳ್ಳಬಹುದು. ವೈದ್ಯರೇ ಮಾತ್ರೆ ಬರೆದುಕೊಟ್ಟರೆ ಅದನ್ನು ಮೊದಲು ಮನೆಯ ಮಂಚದ ಮೇಲೆ ಪರೀಕ್ಷಿಸಿ ನೋಡಿ, ಮೂವತ್ತೈದು ಸಾವಿರ ಅಡಿಯಲ್ಲಿ ಮೊದಲ ಪ್ರಯೋಗ ಬೇಡ. ದುಬೈಯಲ್ಲಿ ಇಳಿದು ಮಗನ ಮನೆಯಲ್ಲಿ ಎರಡು ದಿನ ಇದ್ದು ಹೋಗುವವರಿದ್ದರೆ ಇನ್ನೂ ಎಚ್ಚರ: ಈ ಮಾತ್ರೆಗಳಲ್ಲಿ ಕೆಲವನ್ನು ಅಲ್ಲಿಗೆ ಒಯ್ಯಲು ಮುಂಚಿತ ಅನುಮತಿ ಬೇಕು.

"ಪುಕ್ಕಟೆ ಕೊಡ್ತಾರ, ಎರಡ ಪೆಗ್ ಹಾಕಿ ಮಲಗ್ರಿ"

ಊರಲ್ಲಿ ಕುಡಿಯದವರೂ ವಿಮಾನದಲ್ಲಿ ಔಷಧದ ನೆಪ ಹೂಡಿ ಒಂದು ಕೈ ನೋಡುತ್ತಾರೆ. ಮದ್ಯ ಕಣ್ಣು ಮುಚ್ಚಿಸುವುದು ನಿಜ, ಆಮೇಲೆ ಅದೇ ನಡುನಡುವೆ ಎಬ್ಬಿಸುತ್ತದೆ. ಜರ್ಮನಿಯ ಕಲೋನ್‌ನಲ್ಲಿರುವ ವೈಮಾನಿಕ ಸಂಶೋಧನಾ ಕೇಂದ್ರದವರು ಇದನ್ನು ಪರೀಕ್ಷಿಸಿದ ವರದಿ 2024ರಲ್ಲಿ ಪ್ರಕಟವಾಯಿತು. ವಿಮಾನದ ಒಳಗಿನಷ್ಟೇ ಒತ್ತಡ ಇಳಿಸಿದ ಕೋಣೆಯಲ್ಲಿ ಜನರನ್ನು ನಾಲ್ಕು ತಾಸು ಮಲಗಿಸಿ ನೋಡಿದರು. ಕುಡಿದು ಮಲಗಿದವರ ರಕ್ತದ ಆಮ್ಲಜನಕ ಶೇ. 85ರ ಹತ್ತಿರಕ್ಕೆ ಇಳಿಯಿತು, ನಾಡಿ ನಿಮಿಷಕ್ಕೆ 88ರ ಹತ್ತಿರಕ್ಕೆ ಏರಿತು. ಕುಡಿಯದೆ ನೆಲದ ಮಟ್ಟದಲ್ಲಿ ಮಲಗಿದವರ ಆಮ್ಲಜನಕ 96, ನಾಡಿ 64. ಪರೀಕ್ಷೆಗೆ ಒಳಗಾದವರೆಲ್ಲ 18ರಿಂದ 40 ವರ್ಷದ ಗಟ್ಟಿಮುಟ್ಟು ಆಳುಗಳು ಎಂಬುದನ್ನು ನೆನಪಿಡಿ. ಸ್ಟೆಂಟ್ ಹಾಕಿಸಿಕೊಂಡವರ, ಜೋರಾಗಿ ಗೊರಕೆ ಹೊಡೆಯುವವರ ಗತಿ ಏನೆಂದು ಊಹಿಸಿಕೊಳ್ಳಬಹುದು. ಮಾತ್ರೆಯ ಜೊತೆ ಪೆಗ್ಗು ಎಂಬ ಮೂರನೇ ದಾರಿಯ ಬಗ್ಗೆ ಬರೆಯುವುದೇ ಬೇಡ.

"ಹಿಂದಿನ ರಾತ್ರಿ ನಿದ್ದಿಗೆಟ್ಟರ ವಿಮಾನದಾಗ ತಾನ ಹತ್ತತದ"

ಇದನ್ನು ಯಾರೂ ಬೇಕೆಂದು ಮಾಡಬೇಕಾಗಿಲ್ಲ, ಹೇಗೂ ಆಗುತ್ತದೆ. ಹೊರಡುವ ಹಿಂದಿನ ರಾತ್ರಿ ಪೆಟ್ಟಿಗೆಯನ್ನು ತಕ್ಕಡಿಗೆ ಏರಿಸಿ ಇಳಿಸಿ, 23 ಕಿಲೋ ಮೀರಿತೆಂದು ಪೇಢೆಯ ಡಬ್ಬಿಯನ್ನು ಅತ್ತಿಂದಿತ್ತ ಮಾಡಿ, ಹಗ್ಗ ಬಿಗಿದು ಮಲಗುವಾಗ ಎರಡು ಹೊಡೆದಿರುತ್ತದೆ. ಬೆಂಗಳೂರಿನಿಂದ ದೂರದ ವಿಮಾನಗಳಲ್ಲಿ ಹಲವು ಹೊರಡುವುದು ನಡುರಾತ್ರಿಯ ಮೇಲೆ. ಅಷ್ಟರೊಳಗೆ ಹುಬ್ಬಳ್ಳಿಯ ವಿಮಾನವೋ ವಂದೇ ಭಾರತವೋ, ಟ್ಯಾಕ್ಸಿ, ಸರದಿ, ತಪಾಸಣೆ ಎಂದು ಇಡೀ ದಿನ ಕಳೆದಿರುತ್ತದೆ. ಸುಸ್ತಾದವರಿಗೆ ಬೇಗ ಕಣ್ಣು ಹತ್ತುವುದು ಹೌದು. ಆದರೆ ಅತಿ ದಣಿದ ಮೈಗೆ ಆ ಸೀಟಿನ ಇಕ್ಕಟ್ಟು ಇನ್ನಷ್ಟು ಹಿಂಸೆ, ಇಳಿದ ಮೇಲಿನ ವಾರವೂ ಭಾರ. ಪೆಟ್ಟಿಗೆಯ ಕೆಲಸ ಎರಡು ದಿನ ಮೊದಲೇ ಮುಗಿಸಿ, ಹೊರಡುವ ದಿನ ಮಧ್ಯಾಹ್ನ ಒಂದು ತಾಸು ಅಡ್ಡಾಗುವುದು ಯಾವ ಗುಳಿಗಿಗಿಂತಲೂ ಮೇಲು.

"ರೊಕ್ಕ ಕೊಟ್ಟೇವಿ, ಊಟ ಯಾಕ ಬಿಡೂದು?"

ರಾತ್ರಿ ಎರಡೂವರೆಗೆ ವಿಮಾನ ಏರಿದರೆ ಊಟದ ಗಾಡಿ ಬರುವಾಗ ಮೂರೂವರೆ, ನಾಲ್ಕು. ಧಾರವಾಡದಲ್ಲಿ ಆ ಹೊತ್ತಿಗೆ ಯಾರಾದರೂ ಅನ್ನ-ಸಾರು ಬಡಿಸಿದರೆ ಬಾಗಿಲು ಹಾಕಿಕೊಂಡು ಮಲಗುತ್ತೇವೆ. ವಿಮಾನದಲ್ಲಿ ಮಾತ್ರ ತಟ್ಟೆ ಬಂತೆಂದು ಎದ್ದು ಕೂರುತ್ತೇವೆ. ನಿದ್ದೆಗೆ ಅತಿ ಹದವಾದ ಹೊತ್ತು ಅದೇ. ದೀಪ ಆರಿಸಿ ಮತ್ತೆ ಕಣ್ಣು ಮುಚ್ಚುವಾಗ ಮೈಗೆ ಬೆಳಗಾಗಿರುತ್ತದೆ, ನಿದ್ದೆ ದೂರ ಸರಿದಿರುತ್ತದೆ. ನಿಲ್ದಾಣದಲ್ಲೇ ಹಗುರಾಗಿ ಉಂಡು, ಸೀಟಿನಲ್ಲಿ ಕೂತ ಕೂಡಲೇ ಕಣ್ಣುಪಟ್ಟಿ ಕಟ್ಟಿ ಕಿವಿಗೆ ಬೆಣೆ ಇಟ್ಟುಕೊಂಡವರಿಗೆ ಈ ಮೊದಲ ಮೂರು ತಾಸು ಉಳಿಯುತ್ತದೆ. ಉಣ್ಣಲೇಬೇಕು ಎನ್ನುವವರು ಟಿಕೆಟ್ ಜೊತೆಗೇ ಹಿಂದೂ ಸಸ್ಯಾಹಾರ ಇಲ್ಲವೆ ಜೈನ ಊಟ ಎಂದು ಹೇಳಿಡಬೇಕು. ಇಂಥ ವಿಶೇಷ ಊಟಗಳನ್ನು ಸಾಮಾನ್ಯವಾಗಿ ಉಳಿದವರಿಗಿಂತ ಮೊದಲು ತಂದುಕೊಡುತ್ತಾರೆ, ನೀವು ಉಂಡು ಮಲಗಬಹುದು. ಬೆಲ್ಟನ್ನು ಹೊದಿಕೆಯ ಮೇಲೆ ಕಾಣುವಂತೆ ಹಾಕಿಕೊಳ್ಳಿ. ವಿಮಾನ ಕುಲುಕಿದಾಗ ಬೆಲ್ಟ್ ಇದೆಯೇ ಎಂದು ನೋಡಲು ನಿಮ್ಮನ್ನು ಎಬ್ಬಿಸುವುದಿಲ್ಲ.

ಹೊಟ್ಟೆ ಉಬ್ಬರದ ವಿಷಯವೂ ಇಲ್ಲೇ ಬರುತ್ತದೆ. ಒತ್ತಡ ಇಳಿದಾಗ ಹೊಟ್ಟೆಯೊಳಗಿನ ಗಾಳಿ ಮೂರನೇ ಒಂದು ಪಾಲಿನಷ್ಟು ಹಿಗ್ಗಬಹುದು. ಹೊರಡುವ ಮುಂಚೆ ಮಿರ್ಚಿ-ಗಿರ್ಮಿಟ್ಟಿನ ಬೀಳ್ಕೊಡುಗೆ ಸ್ವೀಕರಿಸಿ ಬಂದವರು ಇದನ್ನು ಅನುಭವದಿಂದ ಬಲ್ಲರು. ಚಹಾ ಕೂಡ ಹಾಗೆಯೇ: ಸಂಜೆ ಏಳಕ್ಕೆ ಕುಡಿದ ಚಹಾದ ಕೆಫೀನಿನಲ್ಲಿ ಅರ್ಧದಷ್ಟು ನಡುರಾತ್ರಿ ಹನ್ನೆರಡಕ್ಕೂ ಮೈಯಲ್ಲಿರುತ್ತದೆ.

"ನೀರ ಕುಡೀಬ್ಯಾಡ್ರಿ, ಸಂಡಾಸಕ್ಕ ಏಳೂದು ತ್ರಾಸು"

ವಿಶೇಷವಾಗಿ ಹೆಂಗಸರು ಇದನ್ನು ಪಾಲಿಸುತ್ತಾರೆ, ಬಾಯಿ ಒಣಗಿ ತಲೆನೋವು ಬರಿಸಿಕೊಳ್ಳುತ್ತಾರೆ. ಇದಕ್ಕೆ ಉಲ್ಟಾ ಎಂಬಂತೆ ತಾಸಿಗೊಂದು ಬಾಟಲಿ ಕುಡಿಯಬೇಕೆಂದು ಮಕ್ಕಳು ಫೋನಿನಲ್ಲಿ ಹೇಳುತ್ತಿರುತ್ತಾರೆ. ಎರಡೂ ಅತಿರೇಕ. ವಿಮಾನದಲ್ಲಿ ಒಣಗುವುದು ಮೂಗು, ಗಂಟಲು, ಕಣ್ಣು. ಮೈಯೊಳಗಿನ ನೀರು ಬತ್ತಿಹೋಗುವುದಿಲ್ಲ. ಬಾಯಾರಿದಾಗ ಕುಡಿದರೆ ಸಾಕು. ಬಿ.ಪಿ.ಗೆಂದು ನೀರಿನ ಗುಳಿಗಿ ನುಂಗುವವರು, ಇನ್ಸುಲಿನ್ ಚುಚ್ಚಿಕೊಳ್ಳುವವರು ಯಾವ ಹೊತ್ತಿಗೆ ಯಾವ ಡೋಸು ಎಂದು ಮೊದಲೇ ವೈದ್ಯರಿಂದ ಬರೆಸಿಕೊಂಡಿರಬೇಕು.

"ಕಿಟಕಿ ಸೀಟ ಸಿಕ್ಕರ ಮುಗೀತು"

ಗೋಡೆಗೆ ತಲೆ ಆನಿಸಬಹುದು, ಯಾರೂ ದಾಟಿಕೊಂಡು ಹೋಗುವುದಿಲ್ಲ, ನಿದ್ದೆಗೆ ಅದೇ ಒಳ್ಳೆಯದು ಎಂಬುದು ಸರಿ. ಆದರೆ ರಾತ್ರಿ ಎರಡು-ಮೂರು ಸಲ ಏಳುವವರಿಗೆ, ಪಕ್ಕದ ಇಬ್ಬರು ಅಪರಿಚಿತರನ್ನು ಎಬ್ಬಿಸಲು ಸಂಕೋಚಪಡುವವರಿಗೆ ಅದು ಸೆರೆಮನೆ. ಸಂಕೋಚದಿಂದ ಕೂತವರು ಕಾಲಾಡಿಸುವುದೂ ಕಡಿಮೆ. ಗಂಡ-ಹೆಂಡತಿ ಇಬ್ಬರೇ ಹೋಗುವಾಗ ಏಳುವವರು ದಾರಿ ಬದಿಗೆ, ಮಲಗುವವರು ಒಳಗೆ.

"ತುಂಡ ತುಂಡ ನಿದ್ದಿ ನಿದ್ದೀನ ಅಲ್ಲ"

ನಿದ್ದೆಯೇ. ಅಮೆರಿಕದ ನಾಸಾ ಸಂಸ್ಥೆ ದೂರಪ್ರಯಾಣದ ಪೈಲಟ್‌ಗಳಿಗೆ, ಜೊತೆಯವರು ವಿಮಾನ ನಡೆಸುತ್ತಿರುವಾಗ, 40 ನಿಮಿಷ ಸೀಟಿನಲ್ಲೇ ಒರಗಲು ಬಿಟ್ಟು ನೋಡಿತು. ಅವರು ನಿದ್ದೆ ಮಾಡಿದ್ದು ಸರಾಸರಿ 26 ನಿಮಿಷ. ಅಷ್ಟರಿಂದಲೇ ಮುಂದಿನ ತಾಸುಗಳಲ್ಲಿ ಅವರ ಚುರುಕು ಎದ್ದು ಕಾಣುವಷ್ಟು ಹೆಚ್ಚಿತು. ಅರ್ಧ ತಾಸು ಇಲ್ಲಿ, ಮುಕ್ಕಾಲು ತಾಸು ಅಲ್ಲಿ ಎಂದು ಕೂಡಿಸಿದರೆ ಮೂರ್ನಾಲ್ಕು ತಾಸಾಗುತ್ತದೆ. ಕೂತ ಭಂಗಿಗೆ ಅದು ಸಣ್ಣ ಸಂಪಾದನೆಯಲ್ಲ. ಸ್ವತಃ ಗೊರಕೆ ಹೊಡೆದು ಪಕ್ಕದವರ ನಿದ್ದೆ ಕೆಡಿಸಿದವರೇ ಬೆಳಿಗ್ಗೆ ಕಣ್ಣು ಮುಚ್ಚಲಿಲ್ಲ ನೋಡ್ರಿ ಎನ್ನುವುದನ್ನು ಕೇಳಿದ್ದೇನೆ.

ಈ ವಿಷಯದಲ್ಲಿ ನಮ್ಮ ಜನರ ದಿಗಿಲು ನನಗೆ ವಿಚಿತ್ರವಾಗಿ ಕಾಣುತ್ತದೆ. ಕುಂದಗೋಳದ ನಾಡಗೀರ ವಾಡೆಯಲ್ಲಿ ಸವಾಯಿ ಗಂಧರ್ವರ ಪುಣ್ಯತಿಥಿಯ ಅಹೋರಾತ್ರಿ ಸಂಗೀತಕ್ಕೆ ಹೋಗಿ, ನೆಲದ ಮೇಲೆ ಕೂತು, ಬೆಳಗಿನ ರಾಗ ಮುಗಿದ ಮೇಲೆ ಎದ್ದು ಬಸ್ ಹಿಡಿದು ಮನೆಗೆ ಬಂದು ಸ್ನಾನ ಮಾಡಿ ಕೆಲಸಕ್ಕೆ ಹೋದವರು ಇದೇ ಊರಿನಲ್ಲಿ ಎಷ್ಟೋ ಮಂದಿ. ಆ ರಾತ್ರಿ ನಿದ್ದೆ ಹೋಯಿತೆಂದು ಯಾರೂ ಗುಳಿಗಿ ಹುಡುಕಲಿಲ್ಲ. ಬರಲೇಬೇಕು ಎಂದು ಗಡಿಯಾರ ನೋಡುತ್ತ ಕೂತರೆ ನಿದ್ದೆ ಹತ್ತಿರ ಸುಳಿಯುವುದಿಲ್ಲ. ಇದು ಮನೆಯ ಹಾಸಿಗೆಯಲ್ಲೂ ಸತ್ಯ. ಎದುರಿನ ಪರದೆಯಲ್ಲಿ ಮಿನುಗುವ ನಕ್ಷೆಯನ್ನು, ಇನ್ನೂ ಒಂಬತ್ತು ತಾಸು, ಇನ್ನೂ ಎಂಟು ತಾಸು ಐವತ್ತು ನಿಮಿಷ ಎನ್ನುವ ಲೆಕ್ಕವನ್ನು ಮೊದಲು ಆರಿಸಬೇಕು. ಕಣ್ಣು ಮುಚ್ಚಿ ಫೋನಿನಲ್ಲಿ ತುಂಬಿಕೊಂಡ ಮಲ್ಲಿಕಾರ್ಜುನ ಮನ್ಸೂರರ ರಾಗವೊಂದನ್ನು ಕೇಳುತ್ತಿದ್ದರೆ ನಿದ್ದೆ ಬಂದರೂ ಲಾಭ, ಬಾರದಿದ್ದರೂ ನಷ್ಟವಿಲ್ಲ.

ಒಂದು ಎಚ್ಚರ: ವಿಮಾನ ಕೆಳಗಿಳಿಯಲು ತೊಡಗಿದಾಗ ನಿದ್ದೆಯಲ್ಲಿರಬೇಡಿ. ಮಲಗಿದಾಗ ಉಗುಳು ನುಂಗುವುದು ಕಡಿಮೆ, ಕಿವಿಯೊಳಗಿನ ಒತ್ತಡ ಸರಿಹೋಗದೆ ನೋವು ಕಚ್ಚಿಕೊಳ್ಳುತ್ತದೆ.

"ವಿಮಾನದಾಗ ನಿದ್ದಿ ಆದ್ರ ಜೆಟ್ ಲ್ಯಾಗ್ ಆಗಂಗಿಲ್ಲ"

ಪ್ರಯಾಣದ ಸುಸ್ತು ಬೇರೆ, ಜೆಟ್ ಲ್ಯಾಗ್ ಬೇರೆ. ಸುಸ್ತು ಒಂದು ರಾತ್ರಿಯ ಒಳ್ಳೆಯ ನಿದ್ದೆಗೆ ಹೋಗುತ್ತದೆ. ಬಿಸಿನೆಸ್ ಕ್ಲಾಸಿನಲ್ಲಿ ಹತ್ತು ತಾಸು ಮಲಗಿ ಹೋದವರಿಗೂ ಮಿದುಳಿನೊಳಗಿನ ಗಡಿಯಾರ ಮಾತ್ರ ಧಾರವಾಡದ್ದೇ. ಅದು ಹೊಸ ಊರಿಗೆ ಹೊಂದಲು ಒಂದು ತಾಸಿನ ವ್ಯತ್ಯಾಸಕ್ಕೆ ಹೆಚ್ಚುಕಡಿಮೆ ಒಂದು ದಿನ ಬೇಕು. ಬೇಸಿಗೆಯಲ್ಲಿ ನ್ಯೂಯಾರ್ಕ್ ನಮಗಿಂತ ಒಂಬತ್ತೂವರೆ ತಾಸು ಹಿಂದೆ. ಹಾಗಾಗಿ ನ್ಯೂಜೆರ್ಸಿಯ ಮಗಳ ಮನೆಯಲ್ಲಿ ಮೊದಲ ವಾರ ನಡೆಯುವುದು ಇಷ್ಟೇ: ನಸುಕಿನ ಎರಡಕ್ಕೆ ಅಪ್ಪ-ಅವ್ವ ಇಬ್ಬರಿಗೂ ಎಚ್ಚರ, ಅಡಿಗೆಮನೆಯಲ್ಲಿ ಸದ್ದಾಗದಂತೆ ಚಹಾ, ಮಧ್ಯಾಹ್ನ ಮೂರಕ್ಕೆ ಸೋಫಾದ ಮೇಲೆ ಇಬ್ಬರೂ ಸಪಾಟು.

ಆ ಮಧ್ಯಾಹ್ನದ ನಿದ್ದೆಯೇ ಜೆಟ್ ಲ್ಯಾಗನ್ನು ಬೆಳೆಸುತ್ತದೆ. ನಮ್ಮ ಮೈ ಅತಿ ತಣ್ಣಗಾಗುವ ಹೊತ್ತು ನಸುಕಿನ ನಾಲ್ಕರ ಸುಮಾರು. ಹೊಸದಾಗಿ ಹೋದವರಿಗೆ ಅದು ನ್ಯೂಯಾರ್ಕಿನ ಸಂಜೆ ಆರೂವರೆ. ಆ ಹೊತ್ತಿಗೆ ಮುಂಚೆ ಕಣ್ಣಿಗೆ ಬಿದ್ದ ಬೆಳಕು ಒಳಗಿನ ಗಡಿಯಾರವನ್ನು ಹಿಂದಕ್ಕೆ ತಳ್ಳುತ್ತದೆ, ಪಶ್ಚಿಮಕ್ಕೆ ಹೋದವರಿಗೆ ಬೇಕಾದದ್ದೂ ಅದೇ. ಆದ್ದರಿಂದ ಕಣ್ಣು ಎಳೆಯುವ ಮಧ್ಯಾಹ್ನ ಮೂರರಿಂದ ಸಂಜೆಯವರೆಗೆ ಮನೆಯ ಹೊರಗೆ ಬಿಸಿಲಲ್ಲಿ ಅಡ್ಡಾಡಬೇಕು. ತೀರ ಆಗದಿದ್ದರೆ ಅಲಾರಾಂ ಇಟ್ಟು ಇಪ್ಪತ್ತು ನಿಮಿಷ ಒರಗಬಹುದು.

ಅಮೆರಿಕದ ಅಂಗಡಿಗಳಲ್ಲಿ ಚೀಟಿ ಇಲ್ಲದೆ ಸಿಗುವ ಮೆಲಟೋನಿನ್ ಮಾತ್ರೆಯನ್ನು ಮಕ್ಕಳು ಮೊದಲೇ ತಂದಿಟ್ಟಿರುತ್ತಾರೆ. ಅದನ್ನು ನಿದ್ರೆ ಮಾತ್ರೆಯೆಂದು ತಿಳಿದು ವಿಮಾನ ಹತ್ತಿದ ಕೂಡಲೇ ನುಂಗುವವರಿದ್ದಾರೆ. ಮೈಗೆ ರಾತ್ರಿಯಾಯಿತೆಂದು ತಿಳಿಸುವುದು ಅದರ ಮುಖ್ಯ ಕೆಲಸ. ತಪ್ಪು ಹೊತ್ತಿಗೆ ತಿಳಿಸಿದರೆ ಗಡಿಯಾರ ತಪ್ಪು ದಿಕ್ಕಿಗೆ ತಿರುಗಬಹುದು. ಐದು ತಾಸು ಅಥವಾ ಅದಕ್ಕಿಂತ ಹೆಚ್ಚು ವ್ಯತ್ಯಾಸವಿರುವ ಊರಿಗೆ ಹೋದಾಗ, ಆ ಊರಿನ ಮಲಗುವ ಹೊತ್ತಿಗೆ ಅರ್ಧದಿಂದ ಐದು ಮಿಲಿಗ್ರಾಂವರೆಗೆ ಕೆಲವು ದಿನ ತೆಗೆದುಕೊಂಡರೆ ಉಪಯೋಗವಿದೆಯೆಂದು 2002ರ ಕಾಕ್ರೇನ್ ಪರಿಶೀಲನೆ ಹೇಳಿದೆ. ವಾರ್ಫರಿನ್ ನುಂಗುವವರು, ಮೂರ್ಛೆರೋಗ ಇರುವವರು ವೈದ್ಯರನ್ನು ಕೇಳದೆ ಮುಟ್ಟಬಾರದು.

ತಿರುಗಿ ಬರುವಾಗ ಇನ್ನೂ ಕಷ್ಟ. ಮನುಷ್ಯರ ಒಳಗಡಿಯಾರದ ದಿನ 24 ತಾಸಿಗಿಂತ ಚೂರು ಉದ್ದ, ಅದಕ್ಕೆ ಹಿಂದೆ ಸರಿಯುವುದು ಸುಲಭ, ಮುಂದಕ್ಕೆ ಓಡುವುದು ತ್ರಾಸು. ಪೂರ್ವಕ್ಕೆ ಮರಳಿದ ಮೇಲೆ ಒಂದೂವರೆ ವಾರ ಮದುವೆ-ಮುಂಜಿವೆ ಒಪ್ಪಿಕೊಳ್ಳದಿರುವುದು ಒಳ್ಳೆಯದು.

ಬಾಣಂತನಕ್ಕೆಂದು ಹೋದ ಅಜ್ಜಿಯರಿಗೆ ಮಾತ್ರ ಮೊದಲ ವಾರದ ಮಟ್ಟಿಗೆ ಈ ಯಾವ ಉಪಾಯವೂ ಬೇಕಾಗುವುದಿಲ್ಲ. ನಸುಕಿನ ಎರಡಕ್ಕೆ ಕೂಸು ಎದ್ದಿರುತ್ತದೆ, ಅಜ್ಜಿಯೂ ಎದ್ದಿರುತ್ತಾಳೆ, ಮಗಳು ಮಲಗಿರುತ್ತಾಳೆ.